ಗೆರೆ ಬಂತು ಅಂದ ಕೂಡಲೇ ಫಾರ್ಮ್ಯಾಟ್ಟೇ?

ಅಲ್ಲ ಮೇಷ್ಟ್ರೇ, ನಿಮ್ಮ ಮೊಮ್ಮಗ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡ್ತೀನಿ ಅಂತ ಕೂತಿದ್ದಾನಂತೆ? ಕರಿಬೇವು ಕೇಳೋಕೆ ಬಂದಾಗ ನಿಮ್ಮನೆಯವರು ಹೇಳಿದ್ರು. ಸ್ವಲ್ಪ ತಡಿಯೋ ಅನ್ನಿ. ಪರದೆ ಮೇಲೆ ಹಸಿರು ಗೆರೆ ಕಂಡ ತಕ್ಷಣ ಇದ್ದಬದ್ದದ್ದೆಲ್ಲ ಅಳಿಸಿ ವಿಂಡೋಸ್ ಮತ್ತೆ ಹಾಕೋದು ಈಗಿನ ಹುಡುಗರ ಚಾಳಿ. ಅಂಗಡಿಯವರದು ಇನ್ನೊಂದು ಥರ. ಹಿಂದೆಮುಂದೆ ನೋಡದೆ "ಗ್ರಾಫಿಕ್ಸ್ ಹೋಗಿದೆ, ಮದರ್‌ಬೋರ್ಡೇ ಬದಲಾಯಿಸ್ಬೇಕು" ಅಂದ್ಬಿಡ್ತಾರೆ. ಗೆರೆ ಎಲ್ಲಿ ಹುಟ್ತಿದೆ ಅಂತ ಇಬ್ಬರೂ ನೋಡಲ್ಲ. ನೋಡೋಕೆ ಕಾಸೇನೂ ಖರ್ಚಿಲ್ಲ.

ಗೇಮಿಂಗ್ ಲ್ಯಾಪ್‌ಟಾಪಲ್ಲಿ ಚಿತ್ರ ಬರೆಯೋರು ಇಬ್ಬರಿರ್ತಾರೆ, ಗೊತ್ತಾ ನಿಮಗೆ? ಪ್ರೊಸೆಸರ್ ಹೊಟ್ಟೆಯೊಳಗೇ ಇರೋ ಸಣ್ಣದು, ಇಂಟೆಲ್‌ದೋ ಎಎಂಡಿದೋ. ಪಕ್ಕದಲ್ಲಿ ಪ್ರತ್ಯೇಕವಾಗಿ ಕೂತಿರೋ ದೊಡ್ಡದು, ಸಾಮಾನ್ಯವಾಗಿ ಎನ್‌ವಿಡಿಯಾ. ಮನೆಯವರ ಅಡುಗೆ, ಮದುವೆ ಭಟ್ಟರ ಅಡುಗೆ ಅಂತಿಟ್ಕೊಳ್ಳಿ. ದಿನದ ಸಾರು ಪಲ್ಯ ಮನೆಯವರದು, ಗೇಮ್ ಅನ್ನೋ ಭೋಜನ ಬಂದಾಗ ಭಟ್ಟರು ಸೌಟು ಹಿಡೀತಾರೆ. ತಮಾಷೆ ಏನಂದ್ರೆ, ಭಟ್ಟರು ಮಾಡಿದ್ದನ್ನೂ ಬಡಿಸೋರು ಮನೆಯವರೇ. ದೊಡ್ಡ ಚಿಪ್ ಬರೆದ ಚಿತ್ರ ಸಣ್ಣದರ ಕೈಗೆ ಹೋಗಿ, ಅಲ್ಲಿಂದ ಪರದೆಗೆ ಹೋಗುತ್ತೆ. ಬ್ಯಾಟರಿ ಉಳಿಯಲಿ ಅಂತ ಎನ್‌ವಿಡಿಯಾದವರು 2010ರಲ್ಲಿ ಆಪ್ಟಿಮಸ್ ಅನ್ನೋ ಹೆಸರಲ್ಲಿ ತಂದ ಏರ್ಪಾಡು ಇದು. ಈಚಿನ ಕೆಲವು ದುಬಾರಿ ಲ್ಯಾಪ್‌ಟಾಪಲ್ಲಿ ಮಕ್ಸ್ ಸ್ವಿಚ್ ಅಂತ ಇರುತ್ತೆ, ಅದನ್ನ ತಿರುಗಿಸಿದ್ರೆ ಭಟ್ಟರೇ ನೇರ ಎಲೆಗೆ ಬಡಿಸ್ತಾರೆ.

ಇಬ್ಬರಿಗೂ ಸರಿಹೋಗದಿದ್ರೆ ಪರದೆ ಮಿಣುಕುತ್ತೆ, ಕಪ್ಪಾಗುತ್ತೆ. ವಿಂಡೋಸ್ ಬದಲು ಲಿನಕ್ಸ್ ಹಾಕ್ಕೊಂಡೋರ ಪಾಡಂತೂ ಬಹಳ ದಿನ ನಾಯಿಪಾಡಾಗಿತ್ತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಒಬ್ಬಾಕೆ ಎದ್ದು ತನ್ನ ಆಪ್ಟಿಮಸ್ ಲ್ಯಾಪ್‌ಟಾಪಿನ ಗೋಳು ಹೇಳ್ಕೊಂಡಿದ್ದಕ್ಕೆ, ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಎನ್‌ವಿಡಿಯಾಕ್ಕೆ ಬೆರಳು ತೋರಿಸಿ ಬೈದುಬಿಟ್ರು. ಯಾವ ಬೆರಳು ಅಂತ ಕೇಳ್ಬೇಡಿ, ನೀವು ಪಾಠ ಹೇಳಿದೋರು.

ಇರ್ಲಿ, ನಿಮ್ಮ ಗೆರೆ ವಿಷಯಕ್ಕೆ ಬರೋಣ. ಗೆರೆ ಕಾಣ್ತಿರೋವಾಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸೋಕೆ ಹೇಳಿ. ಮೊಬೈಲಲ್ಲಿ ಲ್ಯಾಪ್‌ಟಾಪಿನ ಫೋಟೊ ಹೊಡೆದು ಕಳಿಸೋದಲ್ಲ ಮತ್ತೆ, ಸ್ಕ್ರೀನ್‌ಶಾಟೇ ಆಗ್ಬೇಕು. ಫೋನಲ್ಲೂ ಗೆರೆ ಕಂಡ್ರೆ ಚಿತ್ರ ಬರೆಯೋವಾಗಲೇ ಕೆಟ್ಟಿದೆ, ಅಂದ್ರೆ ಚಿಪ್ಪನ್ನ ನಡೆಸೋ ಸಾಫ್ಟ್‌ವೇರ್ ಡ್ರೈವರೋ, ಇಲ್ಲ ಚಿಪ್ಪೇನೋ. ಫೋನಲ್ಲಿ ಶುಭ್ರವಾಗಿದ್ರೆ ಚಿತ್ರ ಸರಿಯಾಗೇ ಇತ್ತು, ದಾರೀಲಿ ಕೆಡ್ತು. ಆಗ ಹೆಚ್ಚಾಗಿ ಕೇಬಲ್ಲು, ಇಲ್ಲ ಪ್ಯಾನೆಲ್ಲು.

ಆಮೇಲೆ ನಿಮ್ಮ ಹಾಲಿನ ಟಿವಿಗೆ ಎಚ್‌ಡಿಎಂಐ ವೈರ್ ಹಾಕಿ ಗೇಮ್ ಆಡಿಸಿ. ಧಾರಾವಾಹಿ ಟೈಮಲ್ಲಿ ಬೇಡ, ಮನೇಲಿ ಜಗಳ ಆಗುತ್ತೆ. ಬಹಳಷ್ಟು ಗೇಮಿಂಗ್ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ತೂತು ನೇರ ದೊಡ್ಡ ಚಿಪ್ಪಿಗೇ ಸೇರಿರುತ್ತೆ. ಟಿವಿಯಲ್ಲಿ ಚೊಕ್ಕವಾಗಿ ಕಂಡ್ರೆ ಭಟ್ಟರು ಗಟ್ಟಿಯಾಗಿದ್ದಾರೆ ಅಂತ ಲೆಕ್ಕ. ಆಗ ಮುಚ್ಚಳವನ್ನ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಬಾಗಿಸಿ ನೋಡಿ. ಒಂದು ಕೋನಕ್ಕೆ ಬಂದಾಗ ಗೆರೆ ಮಾಯವಾಗಿ, ಇನ್ನೊಂದು ಕೋನಕ್ಕೆ ಮತ್ತೆ ಬಂದ್ರೆ ಕಳ್ಳ ಸಿಕ್ಕಿಬಿದ್ದ. ಪರದೆಗೆ ಹೋಗೋ ಕೇಬಲ್ ಕೀಲಿನ ಸಂದಿಯಲ್ಲೇ ತೂರಿ ಹೋಗಿರುತ್ತೆ, ತೆಗೆದು ಮುಚ್ಚಿ ತೆಗೆದು ಮುಚ್ಚಿ ಅಲ್ಲೇ ಸವೆಯೋದು. ಕೇಬಲ್ ಬದಲಾಯಿಸೋ ಖರ್ಚೆಲ್ಲಿ, ಮದರ್‌ಬೋರ್ಡಿನ ಖರ್ಚೆಲ್ಲಿ!

ಪರದೆ ಪೂರ್ತಿ ಕಪ್ಪಾದ್ರೂ ಸತ್ತೇಹೋಯ್ತು ಅಂದ್ಕೋಬೇಡಿ. ಕತ್ತಲೆ ಕೋಣೇಲಿ ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗ ಐಕಾನುಗಳು ಮಸುಕುಮಸುಕಾಗಿ ಕಂಡ್ರೆ ಚಿತ್ರ ಬಂದಿದೆ, ಹಿಂದಿನ ಬೆಳಕು ಮಾತ್ರ ಹೋಗಿದೆ.

ಫಾರ್ಮ್ಯಾಟ್ ಅಂತ ಹಟ ಹಿಡಿದ್ರೆ ಮೊದಲು ಬಯಾಸ್ ತೆಗೆದು ತೋರ್ಸು ಅನ್ನಿ. ಆನ್ ಮಾಡಿದ ಕೂಡಲೇ ಎಫ್2 ಒತ್ತೋದು, ಕೆಲವರದಕ್ಕೆ ಡಿಲೀಟ್. ಅಲ್ಲಿನ್ನೂ ವಿಂಡೋಸ್ ಹುಟ್ಟೇ ಇರಲ್ಲ. ಅಲ್ಲೂ ಗೆರೆ ಇದ್ರೆ ಪಾಪ, ವಿಂಡೋಸನ್ನ ಅಳಿಸಿ ಏನು ಪ್ರಯೋಜನ?

ಅಲ್ಲಿ ಸರಿಯಾಗಿದ್ದು ಒಳಗೆ ಬಂದ ಮೇಲೆ ಕೆಟ್ರೆ ಆಗ ಡ್ರೈವರ್ ಮೇಲೆ ಅನುಮಾನ ಪಡಬಹುದು. ಪರದೆ ಹೆಪ್ಪುಗಟ್ಟಿದಾಗ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದ್ರೆ ಡ್ರೈವರ್ ಒಂದು ಸಲ ಕಣ್ಣು ಮುಚ್ಚಿ ತೆಗೆಯುತ್ತೆ. ಅಪ್‌ಡೇಟ್ ಆದ ಮೇಲೆ ಶುರುವಾದ ಕಾಟ ಆದ್ರೆ ಡಿವೈಸ್ ಮ್ಯಾನೇಜರಲ್ಲಿ ರೋಲ್ ಬ್ಯಾಕ್ ಇದೆ. ಅದಕ್ಕೂ ಬಗ್ಗದಿದ್ರೆ ಇಂಟರ್‌ನೆಟ್ ಕಿತ್ತು, ಸೇಫ್ ಮೋಡಲ್ಲಿ ಡಿಡಿಯು ಅನ್ನೋ ಸಾಫ್ಟ್‌ವೇರಿಂದ ಹಳೇದನ್ನ ಬೇರುಸಮೇತ ತೆಗೀಬೇಕು. ಇಂಟರ್‌ನೆಟ್ ಇದ್ರೆ ನೀವು ತೆಗೆಯೋಷ್ಟರಲ್ಲಿ ವಿಂಡೋಸೇ ತನಗೆ ತೋಚಿದ್ದು ಹಾಕಿಬಿಡುತ್ತೆ. ಆಮೇಲೆ ಲ್ಯಾಪ್‌ಟಾಪ್ ಕಂಪನಿಯವರೇ ಕೊಟ್ಟ ಡ್ರೈವರ್, ಅದೂ ಎರಡಕ್ಕೂ. ಹುಡುಗರು ಎನ್‌ವಿಡಿಯಾದ್ದು ಮಾತ್ರ ಹಾಕಿ, ಬಡಿಸೋರನ್ನ ಮರೆತೇಬಿಡ್ತಾರೆ.

ಗೇಮ್ ಮಧ್ಯೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತಂತಾ? ಅದು ಬೇರೆ ಕಥೆ. ವಿಸ್ಟಾ ಕಾಲದಿಂದಲೂ ವಿಂಡೋಸ್ ಚಿಪ್ಪಿನ ಉತ್ತರಕ್ಕೆ ಕಾಯೋದು 2 ಸೆಕೆಂಡು. ಅಷ್ಟರಲ್ಲಿ ಓಗೊಡದಿದ್ರೆ ಡ್ರೈವರನ್ನ ತಾನೇ ತಟ್ಟಿ ಎಬ್ಬಿಸುತ್ತೆ. ಅಪರೂಪಕ್ಕೆ ಆದ್ರೆ ಬಿಡಿ. ಪದೇಪದೇ ಆದ್ರೆ ಓವರ್‌ಕ್ಲಾಕ್ ಮಾಡಿದ್ದಾನಾ, ಅಂದ್ರೆ ಚಿಪ್ಪನ್ನ ಮಿತಿ ಮೀರಿ ಓಡಿಸ್ತಿದ್ದಾನಾ ಕೇಳಿ, ಇಲ್ಲ ಅಂತಾನೆ, ಆದ್ರೂ ತೆಗೆಸಿ. ಇನ್ನೊಂದು ಕಾರಣ ಶಾಖ. ನಿಮ್ಮ ಹುಡುಗ ಹಾಸಿಗೆ ಮೇಲೆ ಬೋರಲು ಬಿದ್ದು ರಗ್ಗಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಆಡೋದನ್ನ ನಮ್ಮ ಕಿಟಕಿಯಿಂದಲೇ ನೋಡಿದೀನಿ. ಗಾಳಿ ಎಳೆಯೋ ಕಿಂಡಿ ಕೆಳಗಡೆ ಇರೋದು ಮೇಷ್ಟ್ರೇ! ಫ್ಯಾನ್ ಬಿಚ್ಚಿ ನೋಡಿದ್ರೆ ಒಳಗೆ ಅರ್ಧ ರಗ್ಗೇ ಸಿಗಬಹುದು.

ನಿಜವಾಗ್ಲೂ ಚಿಪ್ಪೇ ಕೆಟ್ಟಿದ್ರೆ ಸಾಮಾನ್ಯವಾಗಿ ನೋಡಿದ್ರೇ ಗೊತ್ತಾಗುತ್ತೆ. ಪ್ಯಾನೆಲ್ಲಿನ ಗೆರೆ ಹೆಚ್ಚಾಗಿ ಮೇಲಿಂದ ಕೆಳಕ್ಕೆ ಅಲುಗದೆ ಒಂದೇ ಕಡೆ ನಿಂತಿರುತ್ತೆ. ಚಿಪ್ಪಿಂದು ಹಾಗಲ್ಲ. ಚೌಕಚೌಕದ ಕಲೆ, ಬಣ್ಣಬಣ್ಣದ ಚುಕ್ಕಿ, ಗೇಮಿನೊಳಗಿನ ಮನುಷ್ಯನ ಮೂಗು ಅರ್ಧ ಪರದೆ ತನಕ ಚಾಚಿಕೊಳ್ಳೋದು. ಆ ಸ್ಥಿತೀಲಿ ಎಸ್.ಪಿ. ರೋಡಿನ ರಿಪೇರಿ ಅಂಗಡಿಗೆ ತಗೊಂಡು ಹೋದ್ರೆ ರೀಬಾಲಿಂಗ್ ಮಾತು ಬರುತ್ತೆ, ಚಿಪ್ ಎಬ್ಬಿಸಿ ಅಡಿಯ ಬೆಸುಗೆ ಗುಂಡುಗಳನ್ನ ಹೊಸದಾಗಿ ಕೂರಿಸೋದು. ಬರೀ ಬಿಸಿ ಮಾಡಿ ಕೊಡ್ತೀನಿ ಅಂದೋರಿಗೆ ಮಾತ್ರ ಕೈಮುಗಿದು ಬನ್ನಿ. 2008ರಲ್ಲಿ ಎನ್‌ವಿಡಿಯಾದ ಲ್ಯಾಪ್‌ಟಾಪ್ ಚಿಪ್ಪುಗಳು ಒಳಗಿನ ಸಾಮಗ್ರಿ ದುರ್ಬಲವಾಗಿ ಸಾಲುಸಾಲಾಗಿ ಕೆಟ್ಟು, ಕಂಪನಿ 15ರಿಂದ 20 ಕೋಟಿ ಡಾಲರ್ ಎತ್ತಿಡಬೇಕಾಯ್ತು. ಆಗ ಜನ ಬೋರ್ಡನ್ನ ಅಡುಗೆಮನೆ ಓವನ್ನಲ್ಲಿಟ್ಟು ಬೇಯಿಸಿದ್ದೂ ಉಂಟು. ಸ್ವಲ್ಪ ದಿನ ಎದ್ದು ಕೂತು ಮತ್ತೆ ಮಲಗ್ತಿದ್ವು.

ಅದಕ್ಕೆಲ್ಲ ದುಡ್ಡು ಸುರಿಯೋ ಮುಂಚೆ ಡಿವೈಸ್ ಮ್ಯಾನೇಜರಲ್ಲಿ ಎನ್‌ವಿಡಿಯಾವನ್ನ ಡಿಸೇಬಲ್ ಮಾಡಿ ನೋಡಿ. ಹೆಚ್ಚಿನವು ಸಣ್ಣ ಚಿಪ್ಪೊಂದರಲ್ಲೇ ನೆಟ್ಟಗೆ ನಡೆಯುತ್ತವೆ. ಆನ್‌ಲೈನ್ ಕ್ಲಾಸು, ಪ್ರಾಜೆಕ್ಟ್ ರಿಪೋರ್ಟು, ನಿಮ್ಮ ಯೂಟ್ಯೂಬ್ ಭಜನೆ ಯಾವುದಕ್ಕೂ ತೊಂದರೆಯಿಲ್ಲ. ಗೇಮ್ ಒಂದು ಆಡೋಕಾಗಲ್ಲ, ಅಷ್ಟೇ. ಆ ಮಾತನ್ನ ಮಾತ್ರ ನೀವೇ ಅವನಿಗೆ ಹೇಳಿ ಮಾರಾಯ್ರೇ, ನನ್ನ ಹೆಸರು ಎತ್ತಬೇಡಿ.