ಪ್ರಿಂಟರ್ ಪಂಡಿತರು

ಲಿನಕ್ಸ್ ಹಾಕಿಕೊಂಡ ಮನೆಯಲ್ಲಿ ಪ್ರಿಂಟರ್ ಮುಷ್ಕರ ಹೂಡಿತೆಂದರೆ ಯಜಮಾನರ ಮುಖಕ್ಕೆ ಒಂದು ಕಳೆ ಬರುತ್ತದೆ. ಮಗಳಿಗೆ ಬೆಳಗ್ಗೆ ಎಂಟಕ್ಕೆ ಹಾಲ್ ಟಿಕೆಟ್ ಬೇಕು. ‘ರೀ, ಆಯ್ತಾ?’ ಎಂದು ಅಡುಗೆಮನೆಯಿಂದ ಮತ್ತೆ ಮತ್ತೆ ವಿಚಾರಣೆ ನಡೆದಿದೆ. ಇವರು ಮಾತ್ರ ಕನ್ನಡಕ ಏರಿಸಿಕೊಂಡು, ಟರ್ಮಿನಲ್ಲಿನ ಕಪ್ಪು ಕಿಟಕಿ ತೆರೆದು, ‘ಒಂದೇ ನಿಮಿಷ’ ಎನ್ನುತ್ತಾರೆ. ಇವರನ್ನು ಸೋಮಾರಿ ಎನ್ನುವಂತಿಲ್ಲ, ದಡ್ಡರೆನ್ನುವಂತಂತೂ ಇಲ್ಲವೇ ಇಲ್ಲ. ಮನೆಯವರ ಗುರಿ ಒಂದು, ಇವರದು ಇನ್ನೊಂದು, ತೊಂದರೆಯೆಲ್ಲ ಅಲ್ಲೇ. ಅವರಿಗೆ ಪ್ರಿಂಟ್ ಬೇಕು, ಇವರಿಗೆ ಕಾರಣ ಬೇಕು. ಆಫ್ ಮಾಡಿ ಆನ್ ಮಾಡಿದ ಕೂಡಲೇ ಪ್ರಿಂಟರ್ ಸರಿಹೋದರೆ ಉಳಿದವರಿಗೆಲ್ಲ ನೆಮ್ಮದಿ, ಇವರಿಗೆ ಅವಮಾನ. ಯಾಕೆ ಕೆಟ್ಟಿತ್ತು ಎಂಬುದು ತಿಳಿಯದೆ ಸರಿಹೋದದ್ದನ್ನು ಇವರು ಸರಿಹೋದದ್ದೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಚಟಕ್ಕೆ ಲಿನಕ್ಸಿನ ಕುಮ್ಮಕ್ಕೂ ಧಾರಾಳವಾಗಿದೆ. ಅಲ್ಲಿ ಮುದ್ರಣದ ಉಸ್ತುವಾರಿ ಕಪ್ಸ್ ಎಂಬ ತಂತ್ರಾಂಶದ್ದು. ಮೈಕೆಲ್ ಸ್ವೀಟ್ ರೂಪಿಸಿದ ಅದು 1999ರಲ್ಲಿ ಹೊರಬಂತು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 ಎಂದು ಹೊಡೆದರೆ ಸಾಕು, ಕಪ್ಸ್ ತನ್ನ ಇಡೀ ಸಂಸಾರವನ್ನು ಬಿಚ್ಚಿಡುತ್ತದೆ. ಒಂದು ದಿನ ಯುಎಸ್‌ಬಿ ಕೇಬಲ್ ಸಡಿಲವಾಗಿದ್ದಾಗ ಯಾರೋ ಪ್ರಿಂಟ್ ಕೊಟ್ಟಿರುತ್ತಾರೆ. ಕಪ್ಸ್ ಮುನಿಸಿಕೊಂಡು ಸರದಿಯನ್ನೇ ನಿಲ್ಲಿಸಿ, ‘ಪಾಝ್ಡ್’ ಎಂದು ಬರೆದು ಕೂತಿರುತ್ತದೆ. ಆಮೇಲೆ ಕೇಬಲ್ ಬಿಗಿಮಾಡಿದರೂ ಅದು ಹಲವು ಸಲ ತಾನಾಗಿ ಏಳುವುದಿಲ್ಲ; ‘ರೆಸ್ಯೂಮ್’ ಒತ್ತಿ ರಮಿಸಬೇಕು. ಅಷ್ಟರೊಳಗೆ ಮನೆಯ ಒಬ್ಬೊಬ್ಬರೂ ತಮ್ಮ ಕೈಗುಣ ನೋಡೋಣವೆಂದು ಪ್ರಿಂಟ್ ಒತ್ತಿರುವುದರಿಂದ ಒಂದೇ ಹಾಲ್ ಟಿಕೆಟಿನ ಆರು ಪ್ರತಿಗಳು ಸಾಲಾಗಿ ಹೊರಬೀಳುತ್ತವೆ. ಇನ್ನೊಂದು ದಿನ ಟ್ರೇ ತುಂಬ ಕಾಗದವಿದ್ದರೂ ದೀಪ ಮಿಣಮಿಣ ಎನ್ನುತ್ತ ಕಾಗದ ಕೇಳುತ್ತದೆ. ಪಂಡಿತರು ಬಿಡದೆ ಅಗೆದು ಮೂಲ ಹಿಡಿಯುತ್ತಾರೆ: ಲಿನಕ್ಸ್ ಹಾಕುವಾಗ ಯಾರೋ ಅಮೆರಿಕದ ಇಂಗ್ಲಿಷನ್ನು ಆರಿಸಿದ್ದಾರೆ, ಹಾಗಾಗಿ ಕಂಪ್ಯೂಟರ್ 279 ಮಿಲಿಮೀಟರ್ ಉದ್ದದ ಲೆಟರ್ ಹಾಳೆ ಬೇಡುತ್ತಿದೆ, ಟ್ರೇಯಲ್ಲಿರುವುದು 297 ಮಿಲಿಮೀಟರಿನ ಎ4. ಎರಡು ಅಂಕಿ ಜಾಗ ಬದಲಿಸಿದ್ದಕ್ಕೆ ಅರ್ಧ ಭಾನುವಾರ ಖರ್ಚು. ಉಳಿದರ್ಧ ಅಮೆರಿಕನ್ನರ ಕಾಗದನೀತಿಯ ಬಗ್ಗೆ ಮನೆಮಂದಿಗೆಲ್ಲ ಉಪನ್ಯಾಸಕ್ಕೆ ಮೀಸಲು.

ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಮುಗಿಯುವ ಕೆಲಸಕ್ಕೆ ಇಷ್ಟೊಂದು ಹೋಮವೇಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ಆದರೆ ಇಂಥ ಹಟವನ್ನು ಬರೀ ಹುಚ್ಚೆಂದು ತಳ್ಳಿಹಾಕುವ ಮುನ್ನ, ಇಡೀ ಮುಕ್ತ ತಂತ್ರಾಂಶ ಚಳವಳಿಯ ಹಿಂದೆಯೂ ಒಂದು ಹಟಮಾರಿ ಪ್ರಿಂಟರ್ ಇದೆ ಎಂಬುದನ್ನು ನೆನೆಯಬೇಕು. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಕಾಗದ ಪದೇ ಪದೇ ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್‌ಮನ್‌ಗೆ ಹೊಸದರ ಸೋರ್ಸ್ ಕೋಡ್ ಕೊಡಲು ಅದನ್ನು ಇಟ್ಟುಕೊಂಡವರು ಒಪ್ಪಲಿಲ್ಲ. ಆ ಕಹಿ ಅವರ ಮನಸ್ಸಿನಲ್ಲಿ ಉಳಿಯಿತು. 1983ರಲ್ಲಿ ಅವರು, ಮುಂದೆ ಲಿನಕ್ಸಿಗೆ ಜೊತೆಯಾದ ಗ್ನೂ ಯೋಜನೆಯನ್ನು ಘೋಷಿಸಿದರು. ಎಂಐಟಿಯ ಪಕ್ಕದಲ್ಲೊಂದು ಅಗ್ಗದ ಪ್ರಿಂಟಿಂಗ್ ಅಂಗಡಿ ಇದ್ದು, ಸ್ಟಾಲ್‌ಮನ್ ಕೂಡ ‘ಅಲ್ಲೇ ತೆಗೆಸಿಕೊಂಡರಾಯಿತು’ ಎಂದುಕೊಂಡಿದ್ದರೆ ನಮ್ಮ ಪಂಡಿತರಿಗೆ ಇವತ್ತು ತೆರೆಯಲು ಆ ಕಪ್ಪು ಕಿಟಕಿಯೇ ಇರುತ್ತಿರಲಿಲ್ಲವೇನೋ.

ವಿಂಡೋಸ್ ಹಾಕಿಕೊಂಡರೆ ಈ ರಗಳೆಯೇ ಇರದು ಎಂಬುದು ಮುಂದಿನ ಆಕ್ಷೇಪ, ಸಾಮಾನ್ಯವಾಗಿ ಭಾವಮೈದುನನ ಬಾಯಿಂದ ಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಕೆಲವು ಅಗ್ಗದ ಲೇಸರ್ ಪ್ರಿಂಟರುಗಳಿಗೆ ಸ್ವಂತ ಬುದ್ಧಿಯೂ ಇರುವುದಿಲ್ಲ; ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಅವಕ್ಕೆ ಫರ್ಮ್‌ವೇರ್ ಉಣಿಸಬೇಕು, ಕಂಪನಿ ಆ ತುತ್ತನ್ನು ಮೊದಲು ಅಣಿಮಾಡಿ ಕೊಡುವುದು ವಿಂಡೋಸಿಗೇ. ಆದರೆ ಅದೇ ಕಂಪನಿ ಕೈಬಿಟ್ಟ ಎಷ್ಟೋ ಹಳೆಯ ಪ್ರಿಂಟರುಗಳು ಲಿನಕ್ಸಿನ ಆಶ್ರಯದಲ್ಲಿ ಇನ್ನೂ ಓಡುತ್ತಿವೆ, ಕಾರಣ ಹುಡುಕುವ ಚಟದವರು ಡ್ರೈವರ್ ಬರೆದಿಟ್ಟದ್ದರಿಂದ. ಪಂಡಿತರ ನಿಜವಾದ ಶತ್ರು ವಿಂಡೋಸಲ್ಲ, ಹೊಸ ಪ್ರಿಂಟರು. ಡ್ರೈವರಿನ ಹಂಗಿಲ್ಲದೆ ವೈಫೈಯಲ್ಲಿ ತಾನೇ ಕಾಣಿಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಅಚ್ಚು ಹಾಕಿಕೊಡುವ ಯಂತ್ರವನ್ನು ಮನೆಗೆ ತಂದು ನೋಡಿ: ಮೊದಲ ದಿನ ಹೊಗಳುತ್ತಾರೆ, ಎರಡನೆಯ ದಿನ ಅನುಮಾನಿಸುತ್ತಾರೆ, ಮೂರನೆಯ ದಿನ ಸೆಟ್ಟಿಂಗ್ಸ್ ತೆರೆಯುತ್ತಾರೆ.

ಆದ್ದರಿಂದ ಇಂಥವರನ್ನು ತಿದ್ದುವ ಕೆಲಸಕ್ಕೆ ಯಾರೂ ಕೈಹಾಕಬೇಕಾಗಿಲ್ಲ, ಬಳಸಿಕೊಳ್ಳುವ ಕ್ರಮ ಗೊತ್ತಿದ್ದರೆ ಸಾಕು. ನಾಳೆಗೇ ಬೇಕಾದ ಕಾಗದವಾದರೆ ಸದ್ದಿಲ್ಲದೆ ಅಂಗಡಿಗೆ ಹೋಗಿ ಬನ್ನಿ. ಮುಂದಿನ ತಿಂಗಳಿಗೆ ಬೇಕಾದದ್ದನ್ನು ಧೈರ್ಯವಾಗಿ ಅವರಿಗೆ ಒಪ್ಪಿಸಿ. ಕಾರಣ ಸಿಗುತ್ತದೆ, ಅದರ ಹಿಂದೆಯೇ ಪ್ರಿಂಟೂ ಬರುತ್ತದೆ. ಬಂದ ಮೇಲೆ ಮಾತ್ರ ಒಬ್ಬರು ಕಾವಲಿರಬೇಕು, ‘ಇದನ್ನ ಇನ್ನೂ ಚೆನ್ನಾಗಿ ಮಾಡಬಹುದು’ ಎಂದು ಅವರು ಮತ್ತೆ ಕೂರದ ಹಾಗೆ.