ಐಚ್ಛಿಕ ವಿಷಯ ಮಹಾಶಯರಿಗೆ ರಾಮಗಿರಿ ಹೋಬಳಿಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಐಚ್ಛಿಕ ವಿಷಯ ಮಹಾಶಯರು,
ಬಿಡಾರ: ಶಿಕ್ಷಣ ಆಯೋಗಗಳ ವರದಿಗಳು, ದೆಹಲಿ ಮತ್ತು ಬೆಂಗಳೂರು.

ವಿಷಯ: ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕು ರಾಮಗಿರಿ ಹೋಬಳಿಯ ಪ್ರೌಢಶಾಲೆಗಳಿಗೆ ಮಹಾಶಯರು ದಯಮಾಡಿಸುವ ಕುರಿತು.

ಮಾನ್ಯರೇ,

ಐಚ್ಛಿಕ ವಿಷಯವೆಂದರೆ, ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಕಡ್ಡಾಯ ವಿಷಯಗಳ ಜೊತೆಗೆ ಒಬ್ಬೊಬ್ಬರೂ ತಮ್ಮ ಒಲವಿಗೆ ತಕ್ಕಂತೆ ಆರಿಸಿಕೊಂಡು ಓದುವ ವಿಷಯ ಎಂಬುದು ಶಿಕ್ಷಣಶಾಸ್ತ್ರದ ವ್ಯಾಖ್ಯೆ. ಕರಿಸಿದ್ದೇಶ್ವರನ ಬೆಟ್ಟದ ತಪ್ಪಲಿನಲ್ಲಿರುವ ರಾಮಗಿರಿಯಲ್ಲಾಗಲಿ ಸುತ್ತಲಿನ ಹಳ್ಳಿಗಳಲ್ಲಾಗಲಿ ಈ ವ್ಯಾಖ್ಯೆಯ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು, ವ್ಯಾಖ್ಯೆಯು ದಶಕಕ್ಕೊಮ್ಮೆ ಹೊಸ ಅಂಗಿ ತೊಟ್ಟು ಬಂದು ಹೋಗುತ್ತಿದ್ದರೂ ವ್ಯಾಖ್ಯೆಗೆ ಒಳಪಟ್ಟ ಮಹಾಶಯರು ಮಾತ್ರ ಈವರೆಗೆ ಹೋಬಳಿಯ ಗಡಿ ಕಲ್ಲನ್ನೂ ದಾಟಿಲ್ಲ ಎಂಬ ಸಂಗತಿಯ ಬಗ್ಗೆ. ಬರುವವರ ದಾರಿ ಕಾಯುವುದು ಬಯಲುಸೀಮೆಯವರಿಗೆ ಹೊಸದಲ್ಲ, ಮಳೆಯ ವಿಷಯದಲ್ಲಿ ಅದು ಅವರಿಗೆ ರೂಢಿಯಾಗಿದೆ; ಆದರೆ ಮಳೆಯು ತಾನು ಬರುವುದಾಗಿ ಮುಂಚಿತವಾಗಿ ಸುತ್ತೋಲೆ ಹೊರಡಿಸುವುದಿಲ್ಲ.

ಮಹಾಶಯರ ಆಗಮನದ ಮೊದಲ ಘೋಷಣೆ ಹೊರಬಿದ್ದದ್ದು 1953ರಲ್ಲಿ. ಮದ್ರಾಸು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು ಆ ವರ್ಷ ತನ್ನ ವರದಿಯಲ್ಲಿ, ದೇಶದ ಪ್ರೌಢಶಾಲೆಗಳು ಒಂದೇ ಅಚ್ಚಿನ ಗುಮಾಸ್ತರನ್ನು ಎರೆಯುವುದನ್ನು ಬಿಟ್ಟು ವಿವಿಧೋದ್ದೇಶ ಶಾಲೆಗಳಾಗಬೇಕೆಂದೂ, ಅಂದರೆ ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ ಮತ್ತು ಗೃಹವಿಜ್ಞಾನ ಎಂಬ ಏಳು ಗುಂಪುಗಳಲ್ಲಿ ಮಕ್ಕಳು ತಮಗೆ ಬೇಕಾದುದನ್ನು ಆರಿಸಿಕೊಳ್ಳುವಂತಿರಬೇಕೆಂದೂ ಶಿಫಾರಸು ಮಾಡಿತು. ಏಳು ಗುಂಪುಗಳು! ಸಪ್ತಸ್ವರ, ಸಪ್ತಋಷಿ, ಸಪ್ತಸಾಗರಗಳ ಸಾಲಿಗೆ ಸೇರಬಹುದಾಗಿದ್ದ ಈ ಸಪ್ತಗುಂಪು, ಋಷಿಗಳಂತೆಯೇ ಆಕಾಶದಲ್ಲಿ ನೆಲೆನಿಂತು ಕೆಳಗಿನವರ ಕಣ್ಣಿಗೆ ಚುಕ್ಕಿಯಾಗಿ ಕಾಣುತ್ತಿದೆ. ಅನಂತರ ಬಂದ ಕೊಠಾರಿ ಆಯೋಗವು 1966ರಲ್ಲಿ ‘ಕಾರ್ಯಾನುಭವ’ವನ್ನು, ಅಂದರೆ ಶಾಲೆಯೊಳಗೇ ಉತ್ಪಾದಕ ಕೆಲಸದಲ್ಲಿ ತೊಡಗಿ ಕಲಿಯುವ ಕ್ರಮವನ್ನು, ಶಿಕ್ಷಣದ ಅವಿಭಾಜ್ಯ ಅಂಗವೆಂದು ಸಾರಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲೆಯ ಮುಂದಿನ ಹಂತದ ವಿದ್ಯಾರ್ಥಿಗಳಲ್ಲಿ 1990ರ ವೇಳೆಗೆ ಶೇ 10ರಷ್ಟು, 1995ರ ವೇಳೆಗೆ ಶೇ 25ರಷ್ಟು ಮಂದಿಯನ್ನು ವೃತ್ತಿಶಿಕ್ಷಣದತ್ತ ತಿರುಗಿಸುವುದಾಗಿ ಮಾತು ಕೊಟ್ಟಿತು. 2020ರ ನೀತಿಯು 2025ರೊಳಗೆ ಕನಿಷ್ಠ ಶೇ 50ರಷ್ಟು ಕಲಿಯುವವರಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದಿತು. ಶೇ 25ರ ಗುರಿ ತಪ್ಪಿದಾಗ ಗುರಿಯನ್ನೇ ಇಮ್ಮಡಿಗೊಳಿಸುವ ಈ ವಿಧಾನವನ್ನು ಸಾಲಗಾರರು ಬಹುಕಾಲದಿಂದ ಬಲ್ಲರಾದರೂ, ಅದಕ್ಕೆ ನೀತಿಯ ಮನ್ನಣೆ ದೊರೆತದ್ದು ಈಚೆಗೆ.

ಕರ್ನಾಟಕವು ಸುಮ್ಮನೆ ಕುಳಿತಿರಲಿಲ್ಲ ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಬೇಕು. 1970ರ ದಶಕದ ಕೊನೆಯ ಭಾಗದಲ್ಲಿ ಪದವಿಪೂರ್ವ ಹಂತದಲ್ಲಿ ಆರಂಭವಾದ ಜೆಒಸಿ, ಎಂದರೆ ಉದ್ಯೋಗಾಧಾರಿತ ಕೋರ್ಸುಗಳು, ಸುಮಾರು ಮೂರು ದಶಕ ನಡೆದು, ಅರೆಕಾಲಿಕ ಬೋಧಕರ ಅರೆಕಾಲಿಕ ಜೀವನವನ್ನು ಪೂರ್ಣಕಾಲಿಕ ಚಿಂತೆಯನ್ನಾಗಿ ಮಾರ್ಪಡಿಸಿ, 2010ರ ಆಸುಪಾಸಿನಲ್ಲಿ ಕಣ್ಣು ಮುಚ್ಚಿದವು. ಕೋರ್ಸುಗಳು ಹೋದ ಬಳಿಕ ಅವುಗಳ ಬೋಧಕರನ್ನು ಎಲ್ಲಿ ವಿಲೀನಗೊಳಿಸಬೇಕೆಂಬುದೇ ರಾಜ್ಯಕ್ಕೆ ದೊಡ್ಡ ಪ್ರಶ್ನೆಯಾಯಿತು. ಉದ್ಯೋಗ ಕೊಡಿಸುವ ಕೋರ್ಸಿನ ಬೋಧಕರೇ ಉದ್ಯೋಗಕ್ಕಾಗಿ ಅರ್ಜಿ ಹಿಡಿದು ನಿಂತ ಈ ಪ್ರಸಂಗವು ಪಠ್ಯದ ಅತ್ಯಂತ ಪ್ರಾಯೋಗಿಕವಾದ ಅಧ್ಯಾಯ.

ಕಾಯುವಿಕೆಯ ಅವಧಿಯನ್ನು ಅಂದಾಜು ಮಾಡಲು ಈ ಭಾಗದಲ್ಲಿ ಒಂದು ಸ್ಥಳೀಯ ಮಾನದಂಡವಿದೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರವು 1907ರಲ್ಲಿ ಪೂರ್ಣಗೊಂಡು, 1933ರಲ್ಲಿ ಕೋಡಿ ಬಿದ್ದು, ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ, ಅಂದರೆ 89 ವರ್ಷ, ತೆಗೆದುಕೊಂಡಿತು. ಅದೇ ಲೆಕ್ಕದಲ್ಲಿ 1953ರಲ್ಲಿ ಹೊರಟ ಮಹಾಶಯರು 2042ರ ಮುಂಗಾರಿನ ಹೊತ್ತಿಗೆ ರಾಮಗಿರಿ ತಲುಪಬೇಕು. ಆದರೆ ಲೆಕ್ಕದ ಇನ್ನೊಂದು ಬಗೆಯೂ ಇದೆ: ಈ ಬಯಲುಸೀಮೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದದ್ದು ಬಜೆಟ್ ಪುಸ್ತಕದಲ್ಲಿ ಈಗಲೂ ಭದ್ರವಾಗಿದೆ. ಮಹಾಶಯರು ವಾಣಿವಿಲಾಸದ ಜಾತಿಗೆ ಸೇರಿದವರೋ ಮೇಲ್ದಂಡೆಯ ಜಾತಿಗೆ ಸೇರಿದವರೋ ಎಂಬುದು ಹೋಬಳಿಯ ಪಾಲಕರನ್ನು ಕಾಡುತ್ತಿರುವ ಜಿಜ್ಞಾಸೆ.

ಒಂದು ವೇಳೆ ಬಂದರೂ ಮಹಾಶಯರು ಕುಳಿತುಕೊಳ್ಳುವುದೆಲ್ಲಿ ಎಂಬ ಪ್ರಶ್ನೆಯನ್ನು ಈಗಲೇ ಬಗೆಹರಿಸಿಕೊಳ್ಳುವುದು ಒಳಿತು. ರಾಜ್ಯದ ಎಸ್ಸೆಸ್ಸೆಲ್ಸಿಯು ಆರು ಸೀಟಿನ ವಾಹನ: ಪ್ರಥಮ ಭಾಷೆ 125 ಅಂಕದ ಹಿರಿಯರು, ದ್ವಿತೀಯ ಭಾಷೆ, ತೃತೀಯ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ತಲಾ 100 ಅಂಕದವರು, ಒಟ್ಟು 625. ಏಳನೆಯವರಿಗೆ ಫುಟ್‌ಬೋರ್ಡೂ ಇಲ್ಲ. ಆಯ್ದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ ಎಂಬ ಯೋಜನೆಯಡಿ, ಅಂದರೆ ಕೌಶಲಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಅಳೆದು ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ಚೌಕಟ್ಟಿನಡಿ, ಒಂಬತ್ತು ಮತ್ತು ಹತ್ತನೇ ತರಗತಿಯವರಿಗೆ ಆಟೊಮೊಬೈಲ್, ರಿಟೇಲ್, ಮಾಹಿತಿ ತಂತ್ರಜ್ಞಾನ, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಮುಂತಾದ ವಿಷಯಗಳನ್ನು ಕಲಿಸಲಾಗುತ್ತಿದೆಯಾದರೂ, ಅದನ್ನು ಆರಿಸಿಕೊಂಡ ಮಗು ತೃತೀಯ ಭಾಷೆಯನ್ನು ಕೆಳಗಿಳಿಸಿ ಆ ಸೀಟನ್ನು ಹಿಡಿಯಬೇಕು. ಐಚ್ಛಿಕ ವಿಷಯವು ಸೇರ್ಪಡೆಯಾಗಿ ಬರಲಾರದು, ಬದಲಿಯಾಗಿ ಮಾತ್ರ ಬರಬಲ್ಲುದು ಎಂಬ ಈ ತತ್ತ್ವವು, ಟವೆಲ್ ಹಾಸಿ ಸೀಟು ಹಿಡಿಯುವ ಕೆಂಪು ಬಸ್ಸಿನ ಪ್ರಯಾಣಿಕರಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಇನ್ನು ಶಾಲೆಯೊಳಗಿನ ವಾಸ್ತವ್ಯ. ಬಹುಪಾಲು ಪ್ರೌಢಶಾಲೆಗಳ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ, ಮಹನೀಯರ ಭಾವಚಿತ್ರಗಳ ಕೆಳಗೆ, ಡ್ರಾಯಿಂಗ್ ಹಾಳೆಯ ಮೇಲೆ ಸ್ಕೇಲಿನಿಂದ ಗೆರೆ ಎಳೆದು ಬರೆದ ವೇಳಾಪಟ್ಟಿಯೊಂದು ತೂಗುತ್ತಿರುತ್ತದೆ. ಗಣಿತ ನೀಲಿ ಶಾಯಿ, ವಿಜ್ಞಾನ ಹಸಿರು, ಭಾಷೆಗಳು ಕಪ್ಪು. ಮೂಲೆಯ ಚೌಕವೊಂದರಲ್ಲಿ ಕೆಂಪು ಶಾಯಿಯಲ್ಲಿ ‘ಕಾ.ಅ.’ ಎಂಬೆರಡು ಅಕ್ಷರಗಳಿರುತ್ತವೆ. ಕೊಠಾರಿ ಆಯೋಗದ ಕಾರ್ಯಾನುಭವವು ದೆಹಲಿಯಿಂದ ಹೊರಟು ಅರ್ಧ ಶತಮಾನ ನಡೆದು ಈ ಎರಡು ಅಕ್ಷರಗಳಾಗಿ ಉಳಿದಿದೆ. ಆ ಚೌಕದ ಮೇಲೆ ಪೆನ್ಸಿಲ್ಲಿನಿಂದ, ಬೇಕಾದರೆ ಅಳಿಸಬಹುದೆಂಬ ವಿನಯದಿಂದ, ‘ಗಣಿತ ವಿ.ತ.’ ಎಂದು, ಅಂದರೆ ವಿಶೇಷ ತರಗತಿ ಎಂದು, ಮತ್ತೊಬ್ಬರು ಬರೆದಿರುತ್ತಾರೆ. ಜೂನ್‌ನಲ್ಲಿ ಬರೆದ ಆ ಪೆನ್ಸಿಲ್ ಅಕ್ಷರವನ್ನು ಮಾರ್ಚ್‌ವರೆಗೆ ಯಾರೂ ಅಳಿಸುವುದಿಲ್ಲ, ಅಳಿಸುವ ಧೈರ್ಯ ಡ್ರಾಯಿಂಗ್ ಮೇಷ್ಟ್ರಿಗೂ ಇರುವುದಿಲ್ಲ, ಏಕೆಂದರೆ ಅನೇಕ ಕಡೆ ಡ್ರಾಯಿಂಗ್ ಮೇಷ್ಟ್ರ ಹುದ್ದೆಯೇ ಖಾಲಿ.

ಮಹಾಶಯರಿಗೆ ಹೋಬಳಿಯಲ್ಲಿ ಕೆಲಸವಿಲ್ಲವೆಂದು ಇದರಿಂದ ಯಾರೂ ಭಾವಿಸಬಾರದು. ಅಡಿಕೆಯ ಸುಗ್ಗಿಯಲ್ಲಿ ಹೊಳಲ್ಕೆರೆ ಸೀಮೆಯ ಮನೆಯಂಗಳಗಳು ಹಂಡೆಯೇರಿಸಿದ ರಸಾಯನಶಾಲೆಗಳಾಗುತ್ತವೆ. ಸುಲಿದ ಹಸಿ ಅಡಿಕೆಯನ್ನು ಬೇಯಿಸಿ ಉಳಿಯುವ ಕಂದು ದ್ರವಕ್ಕೆ ಚೊಗರು ಎಂದು ಹೆಸರು. ಅಡಿಕೆಗೆ ಕೆಂಪು ಬಣ್ಣ ಕೂಡುವುದು ಅದರಿಂದಲೇ. ಸೌಟಿನಿಂದ ಎತ್ತಿ ಬಿಟ್ಟಾಗ ಅದು ಹನಿಯಾಗಿ ಬೀಳುತ್ತದೆಯೋ ಎಳೆಯಾಗಿ ಇಳಿಯುತ್ತದೆಯೋ ಎಂಬುದನ್ನು ನೋಡಿ, ಇನ್ನೊಂದು ಒಬ್ಬೆಗೆ ಅದು ಸಾಕೋ ಬೇಡವೋ ಎಂದು ಹೇಳಬಲ್ಲ ಒಂಬತ್ತನೇ ತರಗತಿಯ ಹುಡುಗಿ, ಮರುದಿನ ಶಾಲೆಯಲ್ಲಿ ‘ಸಾರತೆ ಎಂದರೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ಪುಸ್ತಕದ ವಾಕ್ಯ ನೆನಪಾಗದೆ ಸೊನ್ನೆ ಪಡೆಯುತ್ತಾಳೆ. ಸುಗ್ಗಿಯಲ್ಲಿ ಮೂರು ದಿನ ಗೈರುಹಾಜರಾದುದಕ್ಕೆ ಪಾಲಕರ ಸಭೆಯಲ್ಲಿ ಅವಳ ತಂದೆ ಬೈಸಿಕೊಳ್ಳುತ್ತಾನೆ. ಕೃಷಿ ಗುಂಪು ಎಂದು ಮುದಲಿಯಾರ್ ಆಯೋಗ ಕರೆದದ್ದು ಅವಳ ಅಂಗಳವನ್ನೇ ಆಗಿತ್ತೆಂದು ಆ ತಂದೆಗೆ ಹೇಳುವವರಿಲ್ಲ.

ಹಿರಿಯೂರಿನ ಕಡೆಗೆ ಹೋದರೆ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಎಂಬ ಶಿಲೆಗಳಿವೆ. ನೀರಿನಡಿಯಲ್ಲಿ ಉಕ್ಕಿದ ಲಾವಾರಸವು ಥಟ್ಟನೆ ತಣಿದು ದಿಂಬುಗಳನ್ನು ಒಟ್ಟಿದಂತೆ ಗಟ್ಟಿಯಾದಾಗ ಇವು ಉಂಟಾಗುತ್ತವೆ. ಸುಮಾರು 250 ಕೋಟಿ ವರ್ಷ ಹಳೆಯವಾದ ಈ ಬಂಡೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಚಿತ್ರದುರ್ಗದ ಶಿಲಾಪಟ್ಟಿಯು ಜಗತ್ತಿನ ಭೂವಿಜ್ಞಾನಿಗಳಿಗೆ ಚಿರಪರಿಚಿತ. ಪದವಿಪೂರ್ವ ಶಿಕ್ಷಣದ ವಿಷಯಪಟ್ಟಿಯಲ್ಲಿ ಭೂವಿಜ್ಞಾನವೂ ಇದೆ. ಆದರೆ ಹಳ್ಳಿಯ ಹುಡುಗನ ಆಯ್ಕೆಯು ಎಚ್‌ಇಪಿಎಸ್, ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಎಂಬ ಸಂಯೋಜನೆಗೂ ಅದೇ ಎಚ್‌ಇಪಿಎಸ್‌ಗೂ ನಡುವೆ ನಡೆಯುವಂಥದ್ದು. 250 ಕೋಟಿ ವರ್ಷ ಕಾದ ದಿಂಬುಗಳು ಇನ್ನೂ ಸ್ವಲ್ಪ ಕಾಯಬಲ್ಲವು, ಅವುಗಳಿಗೆ ವಯೋಮಿತಿಯಿಲ್ಲ.

ಗಾಳಿಯ ಕಥೆ ಚಿಕ್ಕದು. ಜೋಗಿಮಟ್ಟಿಯಿಂದ ಹೊಸದುರ್ಗದವರೆಗೆ ಗುಡ್ಡದ ನೆತ್ತಿಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುವಾಗ, ಎನ್‌ಸಿಇಆರ್‌ಟಿಯು ಮಕ್ಕಳ ಹೊರೆ ಇಳಿಸುವ ಸಲುವಾಗಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ‘ಶಕ್ತಿಯ ಆಕರಗಳು’ ಎಂಬ ಅಧ್ಯಾಯವನ್ನು ಕೈಬಿಟ್ಟಿತು. ಗಾಳಿಗೆ ಈ ನಿರ್ಧಾರವನ್ನು ಯಾರೂ ತಿಳಿಸಿದಂತಿಲ್ಲ. ಲಲಿತಕಲೆಯ ಗುಂಪಿಗೆ ಬೇಕಾದುದೂ ಹತ್ತಿರದಲ್ಲೇ ಇದೆ: ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠವು ಶಿವಸಂಚಾರವೆಂಬ ನಾಟಕ ತಂಡವನ್ನು ವರ್ಷವರ್ಷವೂ ರಾಜ್ಯದ ಊರೂರಿಗೆ ಕಳಿಸುತ್ತದೆ, ರಂಗಶಿಕ್ಷಣದ ಶಾಲೆಯನ್ನೂ ನಡೆಸುತ್ತದೆ. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರು ಮಾತ್ರ ವಿರಳ. ನಾಟಕ ಆಡುವ ಇತರರ ಕೊರತೆ ಶಿಕ್ಷಣ ಕ್ಷೇತ್ರದಲ್ಲಿ ಇಲ್ಲದಿರುವುದು ಇದಕ್ಕೆ ಕಾರಣವಿರಬಹುದು.

ನೀತಿ ರೂಪಿಸುವವರಿಗೆ ಬಿಡುವಿಲ್ಲವೆಂಬುದು ಹೋಬಳಿಗೆ ತಿಳಿಯದ್ದಲ್ಲ. 2020ರ ನೀತಿಯು ಶಾಲಾ ವರ್ಷಗಳನ್ನು 5+3+3+4 ಎಂದು ಕೂಡಿಸಿತು. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚನೆಯಾದ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಅದನ್ನು 2+8+4 ಎಂದು ಕೂಡಿಸಿ, ದ್ವಿಭಾಷಾ ಸೂತ್ರವನ್ನೂ ಶಿಫಾರಸು ಮಾಡಿತು. ಕೂಡಿ ನೋಡಿದರೆ ಮೊದಲನೆಯದು 15, ಎರಡನೆಯದು 14. ಸಂಖ್ಯೆಗಳೊಂದಿಗಿನ ಈ ಸಲಿಗೆಯು ಪರೀಕ್ಷೆಯಲ್ಲೂ ಮುಂದುವರಿದಿದೆ. 2023ರಲ್ಲಿ ಶೇ 96.80ರ ಫಲಿತಾಂಶದೊಂದಿಗೆ ಚಿತ್ರದುರ್ಗ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಮೊದಲಿತ್ತು. 2024ರ ಮಾರ್ಚ್ 22ರಂದು ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ, ಹೆಲಿಕಾಪ್ಟರ್‌ನಿಂದ ಬಿಡಲಾದ ಇಸ್ರೋದ ಪುಷ್ಪಕ್ ಎಂಬ ಮರುಬಳಕೆಯ ವಾಹನವು ಚಾಲಕನಿಲ್ಲದೆ ತಾನೇ ದಾರಿ ಹಿಡಿದು ಓಡುದಾರಿಗೆ ಇಳಿಯಿತು. ಮೂರು ದಿನ ಬಿಟ್ಟು ಮಾರ್ಚ್ 25ರಂದು ಆರಂಭವಾದ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾಗಳು ಬಂದವು. ಒಂದು ವಾರದೊಳಗೆ ಜಿಲ್ಲೆಗೆ ಇಳಿದ ಎರಡು ಉನ್ನತ ತಂತ್ರಜ್ಞಾನಗಳಲ್ಲಿ ಶಾಲೆಯ ಮಕ್ಕಳ ಪಾಲಿಗೆ ದಕ್ಕಿದ್ದು ಎರಡನೆಯದು, ಅದೂ ಅವರನ್ನು ನೋಡುವುದಕ್ಕೆ. ಜಿಲ್ಲೆ 21ನೇ ಸ್ಥಾನಕ್ಕಿಳಿಯಿತು; ರಾಜ್ಯದಾದ್ಯಂತ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ ರಾಜ್ಯದ ಫಲಿತಾಂಶ ಶೇ 73.40 ಆಯಿತು. 2025–26ರಿಂದ ಉತ್ತೀರ್ಣತೆಗೆ ಶೇ 35ರ ಬದಲು 33 ಸಾಕೆಂದಾಯಿತು. ವಿಷಯಗಳನ್ನು ಹೆಚ್ಚಿಸುವುದಕ್ಕಿಂತ ಅಂಕಗಳನ್ನು ಇಳಿಸುವುದು ಅಗ್ಗ, ಅದಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕಿಲ್ಲ.

ಆದ್ದರಿಂದ ಮಹಾಶಯರ ಗಮನಕ್ಕೆ ತರಬೇಕಾದ ಒಂದೇ ವಿಜ್ಞಾಪನೆ ಲಗೇಜಿಗೆ ಸಂಬಂಧಿಸಿದ್ದು. ಬರುವಾಗ ಪಠ್ಯಪುಸ್ತಕ, ಕೈಪಿಡಿ, ಲೋಗೋ, ಉದ್ಘಾಟನೆಯ ಬ್ಯಾನರು ಇವನ್ನು ತರದಿದ್ದರೂ ನಡೆಯುತ್ತದೆ, ಹುದ್ದೆಯನ್ನು ಮಾತ್ರ ಮರೆಯದೆ ತರಬೇಕು. ಹುದ್ದೆಯೆಂದರೆ ಮಂಜೂರಾತಿ ಪಡೆದ, ವೇತನ ಶ್ರೇಣಿಯುಳ್ಳ, ಮುಂದಿನ ಜೂನ್‌ನಲ್ಲೂ ಇದ್ದೇ ಇರುವ ಶಿಕ್ಷಕರ ಸ್ಥಾನ. ಅದಿಲ್ಲದೆ ಬಂದ ವಿಷಯವನ್ನು ಕಲಿಸುವ ಭಾರವು ಅತಿಥಿ ಶಿಕ್ಷಕರ ಮೇಲೆ, ಎಂದರೆ ಖಾಲಿ ಹುದ್ದೆಗೆ ಎದುರಾಗಿ ವರ್ಷದ ಕೆಲವು ತಿಂಗಳ ಮಟ್ಟಿಗೆ ಗೌರವಧನಕ್ಕೆ ದುಡಿಯುವವರ ಮೇಲೆ, ಬೀಳುತ್ತದೆ. 2025–26ರ ರಾಜ್ಯ ಬಜೆಟ್ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿದ್ದು ನಿಜವಾದರೂ, ಅತಿಥಿಯನ್ನು ವರ್ಷಾನುಗಟ್ಟಲೆ ಅತಿಥಿಯಾಗಿಯೇ ಇರಿಸಿಕೊಂಡ ಮನೆಯನ್ನು ಅತಿಥಿಸತ್ಕಾರಕ್ಕೆ ಹೆಸರಾದ ಈ ಸೀಮೆಯಲ್ಲೂ ಯಾರೂ ಕಂಡಿಲ್ಲ. ಹುದ್ದೆ ಜೊತೆಗಿದ್ದರೆ ಒಂದೇ ವಿಷಯವಾದರೂ ಸಾಕು, ಏಳು ಗುಂಪುಗಳ ಮೆರವಣಿಗೆ ಬೇಕಿಲ್ಲ.

ಮಹಾಶಯರು ಬರುವುದಾದರೆ ಶನಿವಾರ ಬಂದರೆ ಅನುಕೂಲ. ಅಂದು ಬೆಳಗಿನ ಶಾಲೆ. ವೇಳಾಪಟ್ಟಿಯಲ್ಲಿ ಕೆಂಪು ಶಾಯಿಯ ಚೌಕವಿರುವುದೂ ಅಂದೇ. ಸದ್ಯಕ್ಕೆ ಆ ಹೊತ್ತಿನಲ್ಲಿ ಗಣಿತದ ವಿಶೇಷ ತರಗತಿ ನಡೆಯುತ್ತಿರುವುದರಿಂದ, ಬಾಗಿಲ ಹೊರಗೆ, ಚಪ್ಪಲಿ ಬಿಡುವ ಕಡೆ, ಕೊಂಚ ಹೊತ್ತು ಕಾಯಬೇಕಾಗಬಹುದು.

ಇತಿ,
ಶನಿವಾರದ ಕೊನೆಯ ಪಿರಿಯಡ್,
ರಾಮಗಿರಿ ಹೋಬಳಿ, ಹೊಳಲ್ಕೆರೆ ತಾಲ್ಲೂಕು.