ತಾಡಪತ್ರಿ ಅಂಗಡಿಯ ಸಾಹುಕಾರರಿಗೊಂದು ಬಹಿರಂಗ ಪತ್ರ

ಮಾನ್ಯ ಸಾಹುಕಾರರೇ,

ನಾನು ಕುಂದಗೋಳ ತಾಲೂಕಿನ ಒಂದು ಹಳ್ಳಿಯವ. ಪಿಕಪ್ ಗಾಡಿ ಇಟ್ಟುಕೊಂಡಿದ್ದೇನೆ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಸೋಮವಾರ, ಗುರುವಾರದ ಪೇಟೆಗೆ ಬ್ಯಾಡಗಿಗೆ ಬಾಡಿಗೆ ಹೊಡೆಯುತ್ತೇನೆ. ಕಳೆದ ಜನವರಿಯಲ್ಲಿ ಗಾಡಿಗೊಂದು ಹೊಸ ತಾಡಪತ್ರಿ ಬೇಕೆಂದು ತಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ತಾವು ಎದ್ದು ನಿಂತು ಬರಮಾಡಿಕೊಂಡಿರಿ, ಹುಡುಗನನ್ನು ಓಡಿಸಿ ಚಹಾ ತರಿಸಿದಿರಿ. ಗಿರಾಕಿಗೆ ಅಷ್ಟು ಮರ್ಯಾದೆ ಕೊಡುವವರು ಈಗ ಕಡಿಮೆ. ಆ ಚಹಾದ ಋಣ ನನ್ನ ಮೇಲಿದೆ. ಅದಕ್ಕೇ ಅಂಗಡಿ ಮುಂದೆ ನಿಂತು ಜಗಳ ತೆಗೆಯದೆ ಕಾಗದ ಬರೆಯುತ್ತಿದ್ದೇನೆ. ತಮ್ಮಂಥ ಸಾಹುಕಾರರೂ ನನ್ನಂಥ ಗಾಡಿಯವರೂ ಎಲ್ಲ ಪೇಟೆಗಳಲ್ಲಿ ಇರುವುದರಿಂದ ಇದನ್ನು ನಾಲ್ಕು ಜನ ಓದಲಿ ಎಂದೂ ಆಸೆ.

ತಾವು ಕೇಳಿದ ಮೊದಲ ಮಾತು ನನಗೆ ಚೆನ್ನಾಗಿ ನೆನಪಿದೆ. "ಯಾವ ಬಣ್ಣ ಕೊಡ್ಲಿ ತಮ್ಮಾ? ನೀಲಿ ಐತಿ, ಹಳದಿ ಐತಿ, ಹಸರೂ ಬಂದೈತಿ." ಅಷ್ಟು ಪ್ರೀತಿಯಿಂದ ಕೇಳಿದ ತಾವು, ಗಾಡಿಯಲ್ಲಿ ಏನು ಹೇರುತ್ತೀ ಎಂದು ಮಾತ್ರ ಕೇಳಲಿಲ್ಲ. ಇಟ್ಟಿಗೆ ಹೇರುವವನಿಗೂ ಒಣಮೆಣಸಿನಕಾಯಿ ಹೇರುವವನಿಗೂ ಒಂದೇ ಹೊದಿಕೆ ಸಾಲುವುದಿಲ್ಲ, ಸಾಹುಕಾರರೇ. ಇದು ನನಗಿಂತ ತಮಗೆ ಹೆಚ್ಚು ಗೊತ್ತು. ಹತ್ತಿಯ ಕ್ಯಾನ್ವಾಸು ಗಾಳಿಯಾಡುತ್ತದೆ, ಮಾಲು ಬೆವರುವುದಿಲ್ಲ. ಆದರೆ ತೊಯ್ದರೆ ಇಬ್ಬರಿಂದಲೂ ಎತ್ತಲಾಗದಷ್ಟು ಭಾರ, ಹಸಿ ಇದ್ದಾಗಲೇ ಮಡಚಿಟ್ಟರೆ ಬೂಸ್ಟು ಹಿಡಿಯುತ್ತದೆ. ಪಿವಿಸಿ ಲೇಪನದ್ದು ಗಟ್ಟಿ, ನೀರು ಬಿಡುವುದಿಲ್ಲ. ಬೆಲೆ ಹೆಚ್ಚು, ತೂಕವೂ ಹೆಚ್ಚು. ಹೆಣೆದ ಪ್ಲಾಸ್ಟಿಕ್ಕಿನದು ಹಗುರ, ಅಗ್ಗ; ಆದರೆ ರಾತ್ರಿ ಗಾಡಿ ನಿಲ್ಲಿಸಿದರೆ ಮಾಲಿನ ಆವಿ ಅದರ ಒಳಮೈಗೆ ಹತ್ತಿ, ಹನಿಗಟ್ಟಿ, ಬೆಳಗಿನ ಜಾವ ಮೇಲಿನ ಸಾಲಿನ ಚೀಲದ ಮೇಲೇ ಉದುರುತ್ತದೆ. ಮಳೆಯೇ ಇಲ್ಲದೆ ಮಾಲು ತೊಯ್ಯುವುದು ಹೀಗೆ. ಇವಿಷ್ಟನ್ನು ಐದು ನಿಮಿಷ ಕೂತು ತಾವು ಹೇಳಿದ್ದರೆ ನಾನು ಇನ್ನೊಂದು ಸಾವಿರ ಸಾಲ ಮಾಡಿಯಾದರೂ ಸರಿಯಾದದ್ದನ್ನು ಒಯ್ಯುತ್ತಿದ್ದೆ. ತಾವು ನನ್ನ ಜೇಬಿನ ಮೇಲೆ ಕರುಣೆ ತೋರಿ ನೀಲಿಯದನ್ನು ಕಟ್ಟಿ ಕೊಟ್ಟಿರಿ.

ಅಳತೆಯ ವಿಷಯದಲ್ಲಿ ನಾನು ತಮ್ಮ ಮಾತನ್ನು ದೇವರ ಮಾತೆಂದು ನಂಬಿದ್ದೆ. ನನ್ನ ಗಾಡಿಯ ಬಾಡಿ 9 ಅಡಿ ಉದ್ದ, ಐದೂವರೆ ಅಡಿ ಅಗಲ. ಮೆಣಸಿನಕಾಯಿ ಹಗುರ ಮಾಲು, ಹೇರು ಎತ್ತರಕ್ಕೆ ಏರುತ್ತದೆ. ನಾಲ್ಕೂ ಕಡೆ 4 ಅಡಿ ಇಳಿಬಿಡಬೇಕೆಂದರೆ 17 ಅಡಿ ಉದ್ದ, ಹದಿಮೂರೂವರೆ ಅಡಿ ಅಗಲದ್ದು ಬೇಕು. ಇದನ್ನು ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದು 18ಕ್ಕೆ 15ರದ್ದು ಕೇಳಿದೆ. "ಭರ್ತಿ 18 ಐತಿ" ಎಂದಿರಿ. ಅದು ಅಂಚು ಮಡಚಿ ಹೊಲಿಯುವ ಮೊದಲಿನ ಅಳತೆ ಎಂದು ಹೇಳಲಿಲ್ಲ. ಹೊಲಿದ ಮೇಲೆ ಉಳಿದದ್ದು ಹದಿನಾರೂವರೆ ಅಡಿ ಉದ್ದ, 14 ಅಡಿ ಅಗಲ. ಮುಂದೆ ಎಳೆದು ಕಟ್ಟಿದರೆ ಹಿಂದಿನ ಬಾಗಿಲ ಮೇಲೆ ಒಂದು ಗೇಣು ಬಯಲು.

ಆ ಒಂದು ಗೇಣಿನ ಮಾತನ್ನೇ ಹೇಳಬೇಕು. ಏಪ್ರಿಲ್‌ನ ಒಂದು ಬುಧವಾರ ರಾತ್ರಿ. ನಮ್ಮ ಓಣಿಯ ಒಬ್ಬ ಅವ್ವ ತನ್ನ ಎರಡೆಕರೆಯ ಕಾಯಿಯನ್ನು ಕಣದಲ್ಲಿ ಒಣಗಿಸಿ, ಬಿಳುಪು ತಿರುಗಿದ್ದನ್ನೆಲ್ಲ ಕೈಯಾರೆ ಆರಿಸಿ, ಚೀಲ ತುಂಬಿಸಿ ನನ್ನ ಗಾಡಿಗೆ ಹೇರಿಸಿದ್ದಳು. ಬಂಕಾಪುರ ದಾಟುತ್ತಲೇ ಅಡ್ಡಮಳೆ ಹಿಡಿಯಿತು. ಗಾಳಿ ಹಿಂದಿನಿಂದ ನುಗ್ಗಿ ತಾಡಪತ್ರಿಯನ್ನು ಹಾಯಿಯಂತೆ ಉಬ್ಬಿಸಿತು. ಗಾಡಿ ನಿಲ್ಲಿಸಿ ಇಳಿದು ನೋಡಿದರೆ ಹಗ್ಗ ಗಟ್ಟಿಯಾಗಿಯೇ ಇತ್ತು, ಗಂಟೂ ಬಿಚ್ಚಿರಲಿಲ್ಲ. ಹಗ್ಗ ಪೋಣಿಸಿದ ರಿಂಗು ಮಾತ್ರ ಸುತ್ತಲಿನ ಬಟ್ಟೆಯನ್ನು ಹರಿದುಕೊಂಡು ಕಿತ್ತು ಬಂದು ಹಗ್ಗದಲ್ಲೇ ಜೋತಾಡುತ್ತಿತ್ತು. ತಾವು ಹಿತ್ತಾಳೆಯದೆಂದು ಹೇಳಿದ್ದ ರಿಂಗು. ಮೂರು ತಿಂಗಳಿಗೆ ಅದರ ಅಂಚಿಗೆ ತುಕ್ಕು ಹಿಡಿದಿತ್ತು. ನಾನೂ ಕ್ಲೀನರ್ ಹುಡುಗನೂ ಮೈಮೇಲಿನ ಅಂಗಿ ಬಿಚ್ಚಿ ಆ ಬಯಲಿಗೆ ತುರುಕಿದೆವು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಡುವ ಹೊತ್ತಿಗೆ ಹಿಂದಿನ ಸಾಲಿನ ಆರು ಚೀಲ ತೊಯ್ದು ಕಪ್ಪಾಗಿದ್ದವು.

ಬ್ಯಾಡಗಿ ಮೆಣಸಿನಕಾಯಿ ಎಂದರೆ ಬಣ್ಣ. ಖಾರ ಕಡಿಮೆ, ಕೆಂಪು ಹೆಚ್ಚು; ಆ ಬಣ್ಣಕ್ಕೇ ಅದರ ಹೆಸರು, 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕದ್ದೂ ಅಂಥ ಮಾಲಿಗೆ. ಹಸಿ ಹಿಡಿದರೆ ಮೊದಲು ಕೆಡುವುದು ಅದೇ ಬಣ್ಣ, ಆಮೇಲೆ ಬೂಸ್ಟು. ಮರುದಿನ ಖರೀದಿದಾರರು ಬಂದು ಒಂದು ಹಿಡಿ ಕಾಯಿ ಎತ್ತಿದರು, ಒಂದನ್ನು ಮುರಿದರು. ಒಣಗಿದ ಕಾಯಿ ಚಟ್ಟನೆ ಮುರಿಯಬೇಕು. ಅದು ಬಾಗಿತು. ಮೂಸಿ ನೋಡಿ, ಮಾತಾಡದೆ ಮುಂದಿನ ಲಾಟಿಗೆ ಹೋದರು. ಕೊನೆಗೆ ಆ ಆರು ಚೀಲಕ್ಕೆ ಉಳಿದವುಗಳ ಅರ್ಧದಷ್ಟೂ ರೇಟು ಬರಲಿಲ್ಲ. ಅವ್ವ ನನಗೆ ಬೈಯಲಿಲ್ಲ. "ನಿನ್ನ ತಪ್ಪಲ್ಲ ಬಿಡೋ ತಮ್ಮಾ, ಮಳೆಪ್ಪ ಬಂದ್ರ ಯಾರೇನ್ ಮಾಡ್ತಾರ" ಎಂದಳು. ಸಾಹುಕಾರರೇ, ಆ ಮಾತು ಕೇಳಿದ ಮೇಲೆ ಬಾಡಿಗೆ ಇಸಿದುಕೊಳ್ಳಲು ನನಗೆ ಕೈ ಬರಲಿಲ್ಲ.

ಅಂದೇ ತಾಡಪತ್ರಿಯನ್ನು ಬಿಸಿಲಿಗೆ ಹಾಸಿ ಒಣಗಿಸಿ, ದಲಾಲರ ಅಂಗಡಿಯ ಕಾಟಾದ ಮೇಲಿಟ್ಟೆ. ಅದರ ಮೇಲಿನ ಚೀಟಿಯಲ್ಲಿ 200 ಜಿಎಸ್‌ಎಂ ಎಂದಿದೆ. ಅಂದರೆ ಒಂದು ಚದರ ಮೀಟರಿಗೆ 200 ಗ್ರಾಂ ತೂಕ. 18ಕ್ಕೆ 15 ಎಂದರೆ 270 ಚದರ ಅಡಿ, ಸುಮಾರು 25 ಚದರ ಮೀಟರು. 5 ಕಿಲೊ ತೂಗಬೇಕು. ಹೊಲಿದು ಕಡಿಮೆಯಾದ ಅಳತೆಯನ್ನೇ ಹಿಡಿದರೂ 4 ಕಿಲೊ ದಾಟಬೇಕು. ಕಾಟಾ ತೋರಿಸಿದ್ದು 2 ಕಿಲೊ 900 ಗ್ರಾಂ. ಈ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಅಂಗಡಿಯಲ್ಲೇ ಮಾಡಬಹುದು, ಅದಕ್ಕೆ ಬೇಕಾದದ್ದು ಒಂದು ಕಾಟಾ, ಒಂದು ಟೇಪು. ಗಾಡಿಯ ಅಣ್ಣತಮ್ಮಂದಿರಿಗೆ ನಾನು ಇದನ್ನೇ ಹೇಳುತ್ತಿದ್ದೇನೆ.

ಬಿಸಿಲಿಗೆ ಏನೂ ಆಗುವುದಿಲ್ಲ ಎಂದೂ ಅಭಯ ಕೊಟ್ಟಿದ್ದಿರಿ. ಬಿಸಿಲು ತಡೆಯುವ ಯುವಿ ರಾಸಾಯನಿಕ ಬೆರೆಸದ ಪ್ಲಾಸ್ಟಿಕ್ಕು ನಮ್ಮ ಕಡೆಯ ಬೇಸಿಗೆಗೆ ಎಷ್ಟು ದಿನ ಬಾಳೀತು? ಮಡಿಕೆ ಬಿದ್ದ ಗೆರೆಗಳಲ್ಲಿ ಈಗಲೇ ಬಿರುಕು. ಕೈಯಲ್ಲಿ ಉಜ್ಜಿದರೆ ನೀಲಿ ಚಕ್ಕೆ ಉದುರುತ್ತದೆ. ಅದು ಚೀಲದೊಳಗೆ ಬಿದ್ದರೆ ಜನ ತಿನ್ನುವ ಖಾರದಪುಡಿಗೆ ಸೇರುತ್ತದೆ.

ಬಿಲ್ಲು ಕೇಳಿದಾಗ "ನಮ್ಮ ನಿಮ್ಮ ನಡುವೆ ಬಿಲ್ ಯಾಕ" ಎಂದು ಹೆಗಲ ಮೇಲೆ ಕೈ ಇಟ್ಟಿರಿ. ಆ ಸಲುಗೆಗೆ ನಾನು ಕರಗಿದೆ. ಆದರೆ ಬಿಲ್ಲು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದೆ. ಇನ್ನು ಹೆಣೆದ ಪ್ಲಾಸ್ಟಿಕ್ ತಾಡಪತ್ರಿಗೆ ಐಎಸ್ 7903 ಎಂಬ ಭಾರತೀಯ ಮಾನಕವಿದೆ. ಆ ಗುರುತು ಇರುವ ಮಾಲನ್ನು ತಂದಿಟ್ಟು, ಬೆಲೆ ಹೆಚ್ಚಾದರೆ ಹೆಚ್ಚೆಂದೇ ಹೇಳಿ. ಕೊಡುತ್ತೇವೆ. ಒಂದು ಹೇರು ಮಾಲಿನ ಬೆಲೆಯ ಮುಂದೆ ಒಳ್ಳೆಯ ತಾಡಪತ್ರಿಯ ಬೆಲೆ ದೊಡ್ಡದಲ್ಲ, ನಮಗೂ ಅಷ್ಟು ತಿಳಿಯುತ್ತದೆ.

ನನ್ನ ದುಡ್ಡು ಮರಳಿಸಿ ಎಂದು ಕೇಳುತ್ತಿಲ್ಲ. ಅವ್ವನ ಆರು ಚೀಲದ ನಷ್ಟದಲ್ಲಿ ತಮ್ಮ ಪಾಲೆಷ್ಟು ಎಂಬುದನ್ನು ತಮ್ಮ ಮನಸ್ಸಿಗೇ ಬಿಡುತ್ತೇನೆ. ಮುಂದಿನ ವಾರ ನಾನು ಮತ್ತೆ ತಮ್ಮ ಅಂಗಡಿಗೇ ಬರುತ್ತೇನೆ. ದಯವಿಟ್ಟು ಏನು ಹೇರುತ್ತೀ ಎಂದು ಮೊದಲು ಕೇಳಿ. ಹೊಲಿದ ಮೇಲಿನ ಅಳತೆಯನ್ನು ಹೇಳಿ. ಕಾಟಾದ ಮೇಲಿಟ್ಟು ತೂಗಿ, ಬಿಲ್ಲು ಬರೆದು ಕೊಡಿ. ಚಹಾ ಈ ಸಲ ನಾನು ತರಿಸುತ್ತೇನೆ.

ಇಂತಿ,
ತಮ್ಮ ಹಳೆಯ ಗಿರಾಕಿ,
ಒಬ್ಬ ಪಿಕಪ್ ಗಾಡಿಯವ